ಬಾವಿಯ ಮದ್ದಿಗೆ ಕಟ್ಟಿದ ತಂತಿ

ಭೂವಿಜ್ಞಾನ ಓದಿ ಹೊಸದಾಗಿ ಕೆಲಸಕ್ಕೆ ಸೇರಿದ ಮಕ್ಕಳು ಆಗಾಗ ನನ್ನನ್ನು ನೋಡಲು ಬರುತ್ತಾರೆ. ಕಾಫಿ ಮುಗಿಯುವ ಹೊತ್ತಿಗೆ ಅವರ ಪ್ರಶ್ನೆ ಬಂದೇ ಬರುತ್ತದೆ. ಭೂಮಿಯ ಬಗ್ಗೆ ಇನ್ನು ಮುಂದೆ ಯಾವ ಸಂಶೋಧನೆ ಮೊದಲು ಆಗಬೇಕು, ಯಾವುದು ಆಮೇಲೆ, ಯಾವುದು ಬೇಡವೇ ಬೇಡ ಎಂದು ಯಾರು ತೀರ್ಮಾನಿಸುತ್ತಾರೆ, ಹೇಗೆ ತೀರ್ಮಾನಿಸುತ್ತಾರೆ ಎಂದು. ಉತ್ತರ ಬೇಕಾದವರು ದಪ್ಪ ದಪ್ಪ ವರದಿಗಳನ್ನು ಓದಿಕೊಳ್ಳಲಿ. ನನಗೆ ಗೊತ್ತಿರುವುದು ಒಂದೇ ತೀರ್ಮಾನ. ಅದು ಅರವತ್ತರ ದಶಕದಲ್ಲಿ, ಶಿಡ್ಲಘಟ್ಟ ತಾಲ್ಲೂಕಿನ ಒಂದು ಹೊಲದಲ್ಲಿ, ಹೊಂಗೆ ಮರಗಳ ನೆರಳಲ್ಲಿ ಆಯಿತು. ಆ ಮಧ್ಯಾಹ್ನ ಈಗಲೂ ನೆನಪಿಗೆ ಬಂದರೆ ಎಲೆ ಅಡಿಕೆ ಹಾಕಿಕೊಳ್ಳುವ ಕೈ ನಿಲ್ಲುತ್ತದೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಹೆದರುಪುಕ್ಕಲ. ಚಿಕ್ಕಬಳ್ಳಾಪುರದ ಮೇಷ್ಟರ ಮಗ. ಮನೆಯಲ್ಲಿ ಎಲ್ಲರೂ ಪುಸ್ತಕದವರೇ, ಮರ ಹತ್ತಿದವರು, ಕೆರೆಗೆ ಧುಮುಕಿದವರು ಒಬ್ಬರೂ ಇಲ್ಲ. ಕಲ್ಲು ಮಣ್ಣಿನ ಇಲಾಖೆಯಲ್ಲಿ ಕೆಲಸ ಸಿಕ್ಕಿತು ಎಂದಾಗ ನಮ್ಮಮ್ಮ, "ಆಫೀಸ್ನಾಗೆ ಕೂತ್ಕೊಂಡು ಕಲ್ಲು ನೋಡೋ ಕೆಲ್ಸ ಅಂತೆ ಕಣಮ್ಮ" ಎಂದು ಬೀದಿಗೆಲ್ಲ ಹೇಳಿಕೊಂಡು ಬಂದಿದ್ದರು. ಪಾಪ, ನಾನೂ ಹಾಗೇ ತಿಳಿದಿದ್ದೆ.

ಐವತ್ತರ ದಶಕದ ಕೊನೆಯಲ್ಲಿ ಈ ಕಡೆ ಕೊಳವೆಬಾವಿ ಕೊರೆಯುವ ಯಂತ್ರವನ್ನು ಯಾರೂ ಕಂಡಿರಲಿಲ್ಲ. ನೆಲದ ಒಳಗೆ ಏನಿದೆ ಎಂದು ನೋಡಲು ನಮಗಿದ್ದ ದಾರಿ ಎಂದರೆ ರೈತರು ತೋಡುತ್ತಿದ್ದ ತೆರೆದ ಬಾವಿಗಳು. ಮೇಲಿನ ಮಣ್ಣು ಎಲ್ಲಿಯವರೆಗೆ, ಕೊಳೆತ ಕಲ್ಲು ಎಲ್ಲಿಯವರೆಗೆ, ಗಟ್ಟಿ ಬಂಡೆ ಎಲ್ಲಿಂದ ಶುರು, ಬಿರುಕು ಯಾವ ದಿಕ್ಕಿಗಿದೆ ಎಂಬುದನ್ನೆಲ್ಲ ಬಾವಿಯೊಳಗೆ ಇಳಿದು, ಗೋಡೆ ನೋಡಿ ಹೇಳಬೇಕು. ಬಾವಿಯಿಂದ ಕಲ್ಲು ಎತ್ತುವುದಕ್ಕೆ ಎರಡು ಎತ್ತು, ಒಂದು ಹಗ್ಗ, ಒಂದು ರಾಟೆ ಇರುತ್ತಿದ್ದವು. ಕಲ್ಲಿನ ಮಂಕರಿ ಬಿಚ್ಚಿ ಅದೇ ಹಗ್ಗಕ್ಕೆ ಒಂದು ಹಲಗೆ ಕಟ್ಟಿದರೆ ಅದು ನಮ್ಮ ಕುರ್ಚಿ. ಎತ್ತು ಹಿಂದೆ ಹಿಂದೆ ಬಂದಂತೆ ನಾವು ಕೆಳಗೆ ಕೆಳಗೆ ಹೋಗಬೇಕು. ಎತ್ತಿಗೆ ನೊಣ ಕಡಿದರೆ ನಮ್ಮ ಗತಿ ಏನು ಎಂದು ಯಾವ ಪಠ್ಯಪುಸ್ತಕದಲ್ಲೂ ಬರೆದಿಲ್ಲ.

ನನ್ನ ಮೊದಲ ಬಾವಿ ಕಳವಾರದ್ದು. ಸ್ಕಂದಗಿರಿ ಬೆಟ್ಟದ ಬುಡದ ಊರು, ಬೆಳಗಿನ ಹೊತ್ತು, ತಣ್ಣನೆ ಗಾಳಿ. ಮೊದಲು ಉರಿಯುವ ಲಾಟೀನು ಇಳಿಸಿದರು. ದೀಪ ಆರಿದರೆ ಒಳಗೆ ಕೆಟ್ಟ ಗಾಳಿ ಇದೆ, ಯಾರೂ ಇಳಿಯಬಾರದು. ದೀಪ ಆರಲಿ ಎಂದು ನಾನು ಸ್ಕಂದಗಿರಿಯ ದೇವರಿಗೆಲ್ಲ ಹರಕೆ ಹೊತ್ತೆ. ಅದು ಮದುವೆ ಮನೆಯ ದೀಪದಂತೆ ಜಗಜಗ ಉರಿಯಿತು. ಹಲಗೆಯ ಮೇಲೆ ಕೂತವನು ಕಣ್ಣು ಮುಚ್ಚಿದೆ, ತಳ ಮುಟ್ಟಿದರೂ ಬಿಡಲಿಲ್ಲ. ಮೇಲಿಂದ ಆಗಿನ ನನ್ನ ಸಾಹೇಬರು, "ಬಂಡೆ ಯಾವ ಬಣ್ಣ ಇದೆಯಯ್ಯಾ?" ಎಂದು ಕೂಗಿದರು. "ಕಪ್ಪು ಸಾರ್" ಎಂದೆ.  ಆಮೇಲೆ, "ಕಣ್ಣು ಬಿಟ್ಟು ಹೇಳು" ಎಂದರು. ಬಿಟ್ಟು ನೋಡಿದರೆ ಇಡೀ ಬಂಡೆ ಗುಲಾಬಿ ಬಣ್ಣದ್ದು. ಆ ಸುದ್ದಿ ಚಿಕ್ಕಬಳ್ಳಾಪುರದ ನಮ್ಮ ಆಫೀಸಿನಲ್ಲಿ ನನಗಿಂತ ಮುಂಚೆ ತಲುಪಿತ್ತು. ಅಲ್ಲಿದ್ದಷ್ಟು ದಿನವೂ ಟೈಪಿಸ್ಟ್ ನನ್ನನ್ನು ಕರಿಯಪ್ಪ ಎಂದೇ ಕರೆದ.

ಡಾಕ್ಟರ್ ಅನಂತಸ್ವಾಮಿ ನಮ್ಮ ಇಲಾಖೆಗೆ ಬಂದದ್ದು ಅದಾದ ಕೆಲವು ವರ್ಷಕ್ಕೆ. ಅವರು ಪರದೇಶದಲ್ಲಿ ಓದಿ ಬಂದವರು. ತೆಳ್ಳಗೆ, ಉದ್ದಕ್ಕೆ, ಯಾವಾಗಲೂ ಒಂದು ಕಾಲು ಮುಂದಿಟ್ಟೇ ನಿಂತಿರುವ ಮನುಷ್ಯ. ನೀರು ಎಲ್ಲಿದೆ, ಅದಿರು ಎಲ್ಲಿದೆ ಎಂದು ಹುಡುಕುವ ಇಲಾಖೆಯೊಳಗೆ ಅವರು ತಂದ ಪ್ರಶ್ನೆಯೇ ಬೇರೆ. ನಾವು ನಿಂತಿರುವ ಈ ಹಳೆಯ ಬಂಡೆ ಎಷ್ಟು ದಪ್ಪ ಇದೆ? ಅದರ ಅಡಿಯಲ್ಲಿ ಏನಿದೆ? ಈ ಎರಡು ಪ್ರಶ್ನೆ ಬಿಟ್ಟರೆ ಅವರಿಗೆ ಊಟವೂ ನೆನಪಾಗುತ್ತಿರಲಿಲ್ಲ.

ಉತ್ತರ ಹುಡುಕುವ ಉಪಾಯ ಕೇಳಲು ಸುಲಭ. ನೆಲದಲ್ಲಿ ಒಂದು ಕಡೆ ಮದ್ದು ಸಿಡಿಸಬೇಕು. ಆ ನಡುಕ ನೆಲದೊಳಗೆ ಓಡುತ್ತದೆ. ದೂರದಲ್ಲಿ ಸಾಲಾಗಿ ಇಟ್ಟ ಸಣ್ಣ ಸಣ್ಣ ಪೆಟ್ಟಿಗೆಗಳು ಅದನ್ನು ಕೇಳಿಸಿಕೊಂಡು, ತಂತಿಯ ಮೂಲಕ ಯಂತ್ರಕ್ಕೆ ಕಳಿಸುತ್ತವೆ. ಯಂತ್ರ ಕಾಗದದ ಮೇಲೆ ಗೆರೆ ಎಳೆಯುತ್ತದೆ. ಆ ಪೆಟ್ಟಿಗೆಗಳನ್ನು ನಾವು ಕಿವಿ ಎಂದೇ ಕರೆಯುತ್ತಿದ್ದೆವು. ನಡುಕ ಎಷ್ಟು ಬೇಗ ಬಂತು ಎಂದು ಗೊತ್ತಾದರೆ ಒಳಗಿನ ಕಲ್ಲು ಎಂಥದ್ದು, ಎಷ್ಟು ಆಳದ್ದು ಎಂದು ಲೆಕ್ಕ ಹಾಕಬಹುದು. ಆದರೆ ಸಿಡಿಸಲು ಮದ್ದು ಬೇಕು. ಇಲಾಖೆ ಕೊಡಲಿಲ್ಲ. ಡಾಕ್ಟರು ಆಗ ಸುತ್ತ ನೋಡಿದರು. ಗೌರಿಬಿದನೂರಿನಿಂದ ಚಿಂತಾಮಣಿಯವರೆಗೆ ಎಲ್ಲಿ ನೋಡಿದರೂ ರೈತರು ಬಾವಿಗೆ ಮದ್ದು ಹಾಕಿ ಬಂಡೆ ಒಡೆಯುತ್ತಿದ್ದಾರೆ! "ಊರೆಲ್ಲ ನಮಗೋಸ್ಕರ ಸಿಡಿಸ್ತಾ ಇದೆ, ಕೇಳಿಸ್ಕೊಳ್ಳೋರು ಇಲ್ಲ ಅಷ್ಟೆ" ಎಂದರು.

ಒಂದೇ ತೊಡಕು. ಮದ್ದು ಹಾರಿದ ಕ್ಷಣ ಯಾವುದು ಎಂದು ಯಂತ್ರಕ್ಕೆ ತಿಳಿಯಬೇಕು. ಮೊದಮೊದಲು ಕೈಬೀಸಿ, ಗಡಿಯಾರ ಹಿಡಿದು ಪ್ರಯತ್ನಿಸಿದೆವು. ಆ ಲೆಕ್ಕದ ಪ್ರಕಾರ ನಗರಗೆರೆ ಊರಿನ ಅಡಿಯಲ್ಲಿ ಕಲ್ಲಿನ ಬದಲು ಮೊಸರನ್ನ ಇರಬೇಕಾಗಿತ್ತು. ಆಮೇಲೆ ಡಾಕ್ಟರು ಸರಿಯಾದ ದಾರಿ ಹೇಳಿದರು. ಮದ್ದಿಗೇ ಒಂದು ತೆಳು ತಂತಿ ಸುತ್ತಬೇಕು. ಮದ್ದು ಹಾರಿದಾಗ ತಂತಿ ತುಂಡಾಗುತ್ತದೆ, ತುಂಡಾದ ಕ್ಷಣ ಯಂತ್ರದ ಗೆರೆ ಜಿಗಿಯುತ್ತದೆ. ಮದ್ದು ಇರುವುದು ಬಾವಿಯ ತಳದಲ್ಲಿ. ಹಾಗಾದರೆ ತಂತಿ ಸುತ್ತುವವರು ಯಾರು? ಆಫೀಸಿನಲ್ಲಿ ಎಲ್ಲರೂ ಒಟ್ಟಿಗೆ ನನ್ನ ಕಡೆ ತಿರುಗಿದರು. ಬಾವಿಯ ಅನುಭವ ಇದ್ದವನು ನಾನೇ ಅಲ್ಲವೇ!

ಹೀಗೆ ಮದ್ದಿನ ಪಕ್ಕ ಕೂತು ಕೆಲಸ ಮಾಡುವ ಭಾಗ್ಯ ನನ್ನದಾಯಿತು. ತಳದಲ್ಲಿ ಸಲಾಕೆಯಿಂದ ಕೊರೆದ ಐದು ಕುಳಿ. ಪ್ರತಿಯೊಂದರಲ್ಲೂ ಮದ್ದು, ಮದ್ದಿನಿಂದ ಹೊರಗೆ ಬಂದ ಬತ್ತಿ. ನಡುವಿನ ಕುಳಿಯ ಮದ್ದಿಗೆ ನನ್ನ ತಂತಿ. ಬೇರೆ ಮದ್ದಿನ ನಡುಕ ಇದರ ಜೊತೆ ಬೆರೆಯಬಾರದು ಎಂದು ನಡುವಿನದರ ಬತ್ತಿಯನ್ನು ಮಾತ್ರ ಬಹಳ ಉದ್ದ ಬಿಡುತ್ತಿದ್ದರು. ನಾಲ್ಕು ಹಾರಿ, ಸ್ವಲ್ಪ ಬಿಟ್ಟು ಅದೊಂದೇ ಹಾರಬೇಕು. ಬತ್ತಿಗೆ ಬೆಂಕಿ ಇಡುವವನು ಎಲ್ಲಪ್ಪ. ದಿಬ್ಬೂರಹಳ್ಳಿ ಕಡೆಯವನು, ಬಾವಿ ತೋಡುವುದೇ ಕಸುಬು, ಅರ್ಧ ತೆಲುಗು ಅರ್ಧ ಕನ್ನಡ. ನಾನು ತಂತಿ ಸುತ್ತುವಾಗ ಅವನು ಪಕ್ಕದಲ್ಲೇ ಕೂತು ಬೀಡಿ ಹಚ್ಚುತ್ತಿದ್ದ. "ಎಲ್ಲಪ್ಪಾ, ಮದ್ದು ಕಣೋ!" ಎಂದು ನಾನು ಚೀರಿದರೆ, "ಅದ್ಕೇನು ಬೀಡಿ ಚಟ ಐತಾ ಸಾಮಿ? ಬತ್ತಿ ಮುಟ್ಟುಸ್ದೆ ಅದು ಎದ್ದೇಳಾಕಿಲ್ಲ" ಎನ್ನುತ್ತಿದ್ದ. ಅವನ ಸಮಾಧಾನ ನನ್ನ ಹೆದರಿಕೆಯನ್ನು ಇನ್ನಷ್ಟು ಹೆಚ್ಚಿಸುತ್ತಿತ್ತು.

ಅವನು ಹೆದರುತ್ತಿದ್ದದ್ದು ಒಂದಕ್ಕೆ ಮಾತ್ರ. ಬೆಂಕಿ ಇಟ್ಟು, ಹಗ್ಗ ಹಿಡಿದು ಮೇಲೆ ಬಂದು, "ಮದ್ದೋ ಮದ್ದು!" ಎಂದು ನಾಲ್ಕು ದಿಕ್ಕಿಗೂ ಕೂಗಿ, ಓಡಿ ಬಂದು ಮರದ ಹಿಂದೆ ಕೂತ ಮೇಲೆ ಅವನು ಬೆರಳು ಮಡಚಿ ಎಣಿಸುತ್ತಿದ್ದ. ಬೆಂಕಿ ಇಟ್ಟದ್ದು ಐದಾದರೆ ಸದ್ದೂ ಐದಾಗಬೇಕು. ಒಂದು ಕಡಿಮೆಯಾದರೆ ಮಾರನೆಯ ದಿನದವರೆಗೆ ಯಾರೂ ಆ ಬಾವಿಯ ಬಾಯಿಗೂ ಹೋಗಬಾರದು. ಈ ಕಸುಬಿನವರೆಲ್ಲ ಪಾಲಿಸುತ್ತಿದ್ದ ಕಟ್ಟಳೆ ಅದು. ಅವರ ಪೈಕಿ ಬೆರಳಿಲ್ಲದವರು, ಕಣ್ಣಿಲ್ಲದವರು ಬೇಕಾದಷ್ಟು ಜನ ಇದ್ದರು.

ಬಾವಿ ಒಂದೇ ಸಾಲದು ಎಂದು ಮೇಲಿನ ಲೋಕವೂ ನನ್ನನ್ನು ಹೆದರಿಸಿತು. ಗಡಿಯಲ್ಲಿ ಯುದ್ಧ ನಡೆದ ವರ್ಷ ಗೌರಿಬಿದನೂರು ಕಡೆ ಕೆಲಸ ಮಾಡುತ್ತಿದ್ದೆವು. ಹೊಲದ ತುಂಬ ತಂತಿ, ಮರದ ಕೆಳಗೆ ಯಂತ್ರದ ಡಬ್ಬಿ, ಬಾವಿಯ ಕಡೆಯವರ ಜೊತೆ ಮಾತಾಡಲು ಕಿವಿಗೆ ಟೆಲಿಫೋನು ಹಿಡಿದ ನಾನು. ಯಾರೋ ಹೋಗಿ ಗೂಢಚಾರರು ಬಂದಿದ್ದಾರೆ ಎಂದು ಪೊಲೀಸರಿಗೆ ಹೇಳಿದರು. ಠಾಣೆಯಲ್ಲಿ ನಮ್ಮನ್ನು ಬೆಂಚಿನ ಮೇಲೆ ಕೂರಿಸಿದರು. "ನೆಲದ ಅಡಿಯಲ್ಲಿ ಏನಿದೆ ಅಂತ ನೋಡ್ತಾ ಇದೀವಿ" ಎಂದು ಡಾಕ್ಟರು ಹೇಳಿದರು. ಇನ್ಸ್‌ಪೆಕ್ಟರು, "ಸಿಕ್ಕಿದ ಮೇಲೆ ಏನ್ ಮಾಡ್ತೀರ?" ಎಂದು ಕೇಳಿದ. "ಗೊತ್ತಿಲ್ಲ" ಎಂದರು ಡಾಕ್ಟರು. ನನಗೆ ಅಲ್ಲೇ ಅವರ ಬಾಯಿ ಮುಚ್ಚಬೇಕು ಅನ್ನಿಸಿತು. ಚಿಕ್ಕಬಳ್ಳಾಪುರದಿಂದ ಸಾಹೇಬರು ಬಂದು ಬಿಡಿಸುವವರೆಗೆ ಬೆಂಚಿನಿಂದ ಏಳಲಿಲ್ಲ. ಜೀಪಿನಲ್ಲಿ ವಾಪಸ್ಸು ಬರುವಾಗ ಡಾಕ್ಟರು ನಗುತ್ತಲೇ ಹೇಳಿದರು, "ನೋಡಯ್ಯಾ, ಉಪಯೋಗ ಏನು ಅಂತ ಮೊದಲೇ ಗೊತ್ತಿದ್ದರೆ ಅದಕ್ಕೆ ಸಂಶೋಧನೆ ಯಾಕೆ ಬೇಕು? ಅಂಗಡಿ ಸಾಕು." ಮೂಲ ಸಂಶೋಧನೆ ಎಂದರೆ ಏನು ಎಂದು ಅದಕ್ಕಿಂತ ಸಲೀಸಾಗಿ ನನಗೆ ಯಾರೂ ಹೇಳಿಲ್ಲ.

ಬಾವಿ ಮದ್ದು ಸಣ್ಣದು. ಅದರ ನಡುಕ ಒಂದೆರಡು ಮೈಲಿ ಹೋದರೆ ಹೆಚ್ಚು. ಬಂಡೆಯ ಪೂರ್ತಿ ದಪ್ಪ ತಿಳಿಯಲು ದೊಡ್ಡ ಮದ್ದು, ಒಳ್ಳೆಯ ಯಂತ್ರ, ಹತ್ತಾರು ಮೈಲಿ ಉದ್ದದ ಸಾಲು ಬೇಕು. ಅದನ್ನು ದೆಹಲಿ ಕೊಡಬೇಕು. ಕಡೆಗೊಂದು ದಿನ ಆ ಕಾಲವೂ ಬಂತು. ದೇಶದಲ್ಲಿ ಭೂಮಿಯ ಬಗ್ಗೆ ಮುಂದಿನ ವರ್ಷಗಳಲ್ಲಿ ಯಾವ ಮೂಲ ಸಂಶೋಧನೆಗೆ ಮೊದಲ ಸ್ಥಾನ ಕೊಡಬೇಕು ಎಂದು ತೀರ್ಮಾನಿಸಲು ಒಂದು ಸಮಿತಿ ಹೊರಟಿತು. ಮೊದಲ ಸ್ಥಾನಕ್ಕೆ ಎರಡು ಕೆಲಸ ಕಾದಿದ್ದವು. ಒಂದು, ಬಂಡೆಗಳ ವಯಸ್ಸು ಅಳೆಯುವ ಪ್ರಯೋಗಾಲಯ. ಇನ್ನೊಂದು ನಮ್ಮದು. ಸಮಿತಿ ಬಂದು ಒಂದು ಮಧ್ಯಾಹ್ನ ನಮ್ಮ ಕೆಲಸ ನೋಡುತ್ತದೆ, ಒಂದು ಮದ್ದು ಹಾರುತ್ತದೆ, ಒಂದು ಗೆರೆ ಬರುತ್ತದೆ. ಡಾಕ್ಟರ ಇಡೀ ಬದುಕು ಆ ಒಂದು ಗೆರೆಯ ಮೇಲೆ ನಿಂತಿತು. ಆ ದಿನಗಳಲ್ಲಿ ಅವರ ಮುಖ ನೋಡಲು ನನಗೆ ಹೆದರಿಕೆಯಾಗುತ್ತಿತ್ತು. ನಿದ್ದೆಗೆಟ್ಟು ಕಣ್ಣು ಗುಳಿ ಬಿದ್ದಿತ್ತು, ಮಾತಿಗೆ ಮುಂಚೆ ಸಿಡುಕುತ್ತಿದ್ದರು.

ದಿಬ್ಬೂರಹಳ್ಳಿಯ ನಂಜಮ್ಮನ ಬಾವಿಯನ್ನು ಗೊತ್ತು ಮಾಡಿದ್ದೆವು. ಒಣ ಬಾವಿ, ತಳದಲ್ಲಿ ಅಚ್ಚುಕಟ್ಟಾದ ಬಂಡೆ, ನಮಗೆ ಹೇಳಿ ಮಾಡಿಸಿದ ಹಾಗಿತ್ತು. ಹಿಂದಿನ ದಿನ ಹೋಗಿ ಕೇಳಿದರೆ ನಂಜಮ್ಮ ಹುಳುಮನೆಯ ಬಾಗಿಲಿಗೆ ಅಡ್ಡ ನಿಂತರು. ರೇಷ್ಮೆ ಹುಳು ಬಲಿತು ಹಣ್ಣಾಗಿ ಚಂದ್ರಿಕೆ ಹತ್ತುತ್ತಿತ್ತು. ಚಂದ್ರಿಕೆ ಎಂದರೆ ಹುಳು ಗೂಡು ಕಟ್ಟಲು ಹತ್ತುವ ಬಿದಿರಿನ ತಟ್ಟೆ. ಆ ಹೊತ್ತಿನಲ್ಲಿ ಆ ಮನೆಗಳಲ್ಲಿ ಜೋರಾಗಿ ಮಾತೂ ಆಡುವುದಿಲ್ಲ.

"ಹುಳ ಗೂಡು ಕಟ್ಟೋ ಹೊತ್ನಾಗೆ ಮದ್ದು ಹಾರಿಸ್ತೀನಿ ಅಂತೀರಲ್ಲಪ್ಪ, ನಿಮಗೇನಾದ್ರೂ ಬುದ್ಧಿ ಐತಾ? ಹುಳ ಬೆಚ್ಚಿ ಕೆಳಕ್ಕೆ ಬಿದ್ರೆ ನೀವು ಬಂದು ನೂಲು ಸುತ್ತೀರಾ?" ಎಂದರು ನಂಜಮ್ಮ.

"ಒಂದೇ ಸಲ ಕಣಮ್ಮ. ದೆಹಲಿಯಿಂದ ದೊಡ್ಡೋರು ಬರ್ತಾರೆ" ಎಂದರು ಡಾಕ್ಟರು.

"ಬರ್ಲಿ, ಕಾಫಿ ಕಾಯಿಸಿ ಕೊಡ್ತೀನಿ. ಮದ್ದು ಮಾತ್ರ ಮೂರು ದಿನ ಬಿಟ್ಟು."

ಸಮಿತಿ ಮೂರು ದಿನ ಕಾಯುವ ಸಮಿತಿಯಲ್ಲ. ಊರೊಳಗಿನ ಬಾವಿಗಳಿಗೆಲ್ಲ ಇದೇ ಉತ್ತರ ಬಂತು, ಎಲ್ಲರ ಮನೆಯಲ್ಲೂ ಹುಳು. ಊರಾಚೆ, ಹೊಂಗೆ ತೋಪಿನ ಹತ್ತಿರ ಪಿಳ್ಳಪ್ಪ ಎಂಬ ರೈತರ ಬಾವಿ ಒಂದೇ ಸಿಕ್ಕಿತು. ಅದರಲ್ಲಿ ನೀರು ಜಿನುಗುತ್ತಿತ್ತು. ಎಲ್ಲಪ್ಪ ಬಗ್ಗಿ ನೋಡಿ ಮೂಗು ಮುರಿದ. "ಬತ್ತಿ ತೇವ ಕುಡೀತದೆ ಸಾಮಿ" ಎಂದ. ಡಾಕ್ಟರಿಗೆ ಆ ಮಾತು ಕೇಳಿಸಲಿಲ್ಲ. ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ಅವರು ಇರಲಿಲ್ಲ.

ಮಧ್ಯಾಹ್ನ ಕಾರುಗಳು ಬಂದವು. ತೋಪಿನ ನೆರಳಲ್ಲಿ ಶಾಲೆಯಿಂದ ತಂದ ಕುರ್ಚಿಗಳು, ಪಕ್ಕದ ಮೇಜಿನ ಮೇಲೆ ನಮ್ಮ ಯಂತ್ರ. ಬಾವಿ ಅಲ್ಲಿಂದ ಕಣ್ಣಿಗೆ ಕಾಣುವಷ್ಟು ದೂರ. ಸಮಿತಿಯ ಅಧ್ಯಕ್ಷರು ಕೋಟು ಹಾಕಿದ, ನರೆತ ಮೀಸೆಯ ಹಿರಿಯರು. ಕೆಟ್ಟವರೇನಲ್ಲ, ದಣಿದಿದ್ದರು ಅಷ್ಟೆ. ಕತ್ತಲಾಗುವುದರೊಳಗೆ ಬೆಂಗಳೂರು ಸೇರಬೇಕು ಎಂದು ಬಂದ ಕೂಡಲೇ ಹೇಳಿದರು. ಅವರ ಮಾತೆಲ್ಲ ಇಂಗ್ಲಿಷಿನಲ್ಲಿ ನಡೆಯಿತು, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಬಂಡೆಯ ದಪ್ಪ ಗೊತ್ತಾದರೆ ದೇಶಕ್ಕೆ ಏನು ಉಪಯೋಗ?" ಎಂದು ಅಧ್ಯಕ್ಷರು ಕೇಳಿದರು.

ನನಗೆ ಠಾಣೆಯ ಬೆಂಚು ಕಣ್ಣ ಮುಂದೆ ಬಂತು. ಡಾಕ್ಟರು, "ಗೊತ್ತಿಲ್ಲ ಸರ್. ಆದರೆ ಇದು ಗೊತ್ತಿಲ್ಲದೆ ಉಳಿದ ಯಾವ ಪ್ರಶ್ನೆಗೂ ಗಟ್ಟಿ ಉತ್ತರ ಸಿಗುವುದಿಲ್ಲ. ನೀರು, ಅದಿರು, ಭೂಕಂಪ ಎಲ್ಲ ಇದರ ಮೇಲೆಯೇ ನಿಂತಿವೆ" ಎಂದರು. ಅಧ್ಯಕ್ಷರು ತಲೆದೂಗಿದರು. ಆ ಮಾತು ಅವರಿಗೆ ಹಿಡಿಸಿತು, ನಾನು ಕಂಡೆ. "ಸರಿ, ತೋರಿಸಿ" ಎಂದರು. ಗೆಲುವು ಅಷ್ಟು ಹತ್ತಿರ ಬಂದಿತ್ತು.

ನಾನು ಆಗಲೇ ಇಳಿದು ತಂತಿ ಕಟ್ಟಿ ಬಂದಿದ್ದೆ. ತಳದಲ್ಲಿ ಪಾದ ಮುಳುಗುವಷ್ಟು ನೀರಿತ್ತು. ಎಲ್ಲಪ್ಪ ಬೆಂಕಿ ಇಟ್ಟು ಮೇಲೆ ಬಂದ, "ಮದ್ದೋ ಮದ್ದು!" ಎಂದು ಕೂಗುತ್ತ ಓಡಿ ಬಂದ. ಯಂತ್ರ ತಿರುಗತೊಡಗಿತು. ಢಂ ಎಂದು ಒಂದು, ಹಿಂದೆಯೇ ಎರಡು, ಮೂರು, ನಾಲ್ಕು. ಬಾವಿಯಿಂದ ಹೊಗೆ ಎದ್ದಿತು. ಇನ್ನು ಐದನೆಯದು. ಅದು ತಡವಾಗಿಯೇ ಬರಬೇಕಾದದ್ದು, ಹಾಗಾಗಿ ಎಲ್ಲರೂ ಆರಾಮವಾಗಿ ಕಾದರು. ಕಾದರು. ಮೊದಲು ಎಲ್ಲಪ್ಪ ನನ್ನ ಮುಖ ನೋಡಿದ, ಅವನ ಹೆಬ್ಬೆರಳು ಇನ್ನೂ ಮಡಚಿರಲಿಲ್ಲ. ಆಮೇಲೆ ಡಾಕ್ಟರು ಯಂತ್ರ ನೋಡಿದರು. ನನ್ನ ತಂತಿ ತುಂಡಾಗಿರಲಿಲ್ಲ. ಮದ್ದು ಅಲ್ಲೇ ಕೂತಿತ್ತು.

ಕಾಫಿ ಬಂತು, ಹೋಯಿತು. ಅಧ್ಯಕ್ಷರು ಗಡಿಯಾರ ನೋಡಿಕೊಂಡರು. "ಏನು ಡಾಕ್ಟರ್?" ಎಂದರು.

"ಬತ್ತಿ ಆರಿದೆ ಸರ್. ಹೊಸ ಬತ್ತಿ ಇಟ್ಟರೆ ಆಯಿತು, ಕಾಲು ಗಂಟೆ ಕೊಡಿ" ಎಂದು ಹೇಳಿ ಡಾಕ್ಟರು ಬಾವಿಯ ಕಡೆ ನಡೆದೇ ಬಿಟ್ಟರು. ನಾನೂ ಎಲ್ಲಪ್ಪನೂ ಹಿಂದೆ ಓಡಿದೆವು. ಪಿಳ್ಳಪ್ಪ ಆಗಲೇ ಎತ್ತುಗಳನ್ನು ತಂದು ನೊಗಕ್ಕೆ ಹಗ್ಗ ಸಿಕ್ಕಿಸಿ, ಏನು ಅಪ್ಪಣೆ ಎಂದು ನಿಂತಿದ್ದರು. ಕಾರಿನವರ ಮುಂದೆ ತಡ ಮಾಡಬಾರದು ಎಂದು ಅವರಿಗೆ.

"ಎಲ್ಲಪ್ಪ, ಇಳಿ" ಎಂದರು ಡಾಕ್ಟರು.

"ವದ್ದು ಸಾಮಿ, ಬ್ಯಾಡ. ನಾಳೆವರ್ಗೂ ಯಾರೂ ಇಳ್ಯಂಗಿಲ್ಲ. ತೇವದ ಬತ್ತಿ ಸತ್ತಂಗೆ ಇರ್ತದೆ, ಒಳಗೊಳಗೇ ಕೆಂಡ ಇರ್ತದೆ."

ಡಾಕ್ಟರು ನನ್ನ ಕಡೆ ತಿರುಗಿದರು. ಹಲಗೆಯನ್ನು ನನ್ನ ಕಡೆ ಚಾಚಿದರು. ಅಷ್ಟು ವರ್ಷದಲ್ಲಿ ನಾನು ಅವರಿಗೆ ಒಮ್ಮೆಯೂ ಆಗುವುದಿಲ್ಲ ಎಂದವನಲ್ಲ. ಹಾಗೆ ಅಂದರೆ ಕೆಲಸ ಹೋದೀತು ಎಂಬ ಹೆದರಿಕೆ, ಹೆಸರು ಹೋದೀತು ಎಂಬ ಹೆದರಿಕೆ. ಅವತ್ತು ಅದಕ್ಕಿಂತ ದೊಡ್ಡ ಹೆದರಿಕೆ ಬಾವಿಯೊಳಗಿತ್ತು.

"ನನಗೆ ಹೆದರಿಕೆ ಆಗ್ತಾ ಇದೆ ಸಾರ್. ನಾನು ಇಳಿಯಲ್ಲ" ಎಂದೆ. ನನ್ನ ದನಿ ನನಗೇ ಹೆಂಗಸಿನ ದನಿಯಂತೆ ಕೇಳಿಸಿತು.

"ಸರಿ. ನೀವು ಯಾರೂ ಬೇಡ" ಎಂದವರೇ ಹಲಗೆ ಎಳೆದುಕೊಂಡು, ಬಾವಿಯ ಅಂಚಿನ ಕಲ್ಲಿನ ಮೇಲೆ ಕಾಲೂರಿ ಕೂತರು.  "ಪಿಳ್ಳಪ್ಪ, ಎತ್ತು ಹಿಂದಕ್ಕೆ ಬಿಡಿ" ಎಂದರು. ಪಿಳ್ಳಪ್ಪ ಎತ್ತಿನ ಮೂಗುದಾರಕ್ಕೆ ಕೈ ಹಾಕಿದರು.

ಆಮೇಲೆ ನಾನು ಮಾಡಿದ್ದಕ್ಕೆ ಧೈರ್ಯ ಎಂದು ಯಾರೂ ಹೆಸರಿಡಬೇಡಿ.  ಹೋಗಿ ನೊಗದಿಂದ ಹಗ್ಗದ ಕೊಂಡಿ ಕಳಚಿದೆ, ಕೈಗೆ ಸಿಕ್ಕ ಬಾರುಕೋಲಿನಿಂದ ಎತ್ತುಗಳಿಗೆ ಎರಡೆರಡು ಬಿಟ್ಟೆ. ಅವು ಜೋಡಿಯಾಗಿ ಕುಣಿದು, ಬದು ಹಾರಿ, ನೊಗ ಎಳೆದುಕೊಂಡೇ ಹಿಪ್ಪುನೇರಳೆ ತೋಟಕ್ಕೆ ನುಗ್ಗಿದವು. "ಅಯ್ಯಯ್ಯೋ, ಸೊಪ್ಪು! ನನ್ನ ಸೊಪ್ಪು ಹಾಳಾಯ್ತಲ್ಲೋ!" ಎಂದು ಕಿರುಚುತ್ತ ಪಿಳ್ಳಪ್ಪ ಹಿಂದೆ ಓಡಿದರು. ಎಲ್ಲಪ್ಪನೂ ಓಡಿದ. ಎತ್ತಿಲ್ಲದೆ ಆ ಬಾವಿಗೆ ಇಳಿಯುವ ದಾರಿ ಇರಲಿಲ್ಲ.

ತೋಪಿನಲ್ಲಿ ಯಾರೋ ನಕ್ಕರು. ಆಮೇಲೆ ಎಲ್ಲರೂ ನಕ್ಕರು. ಡಾಕ್ಟರು ಹಲಗೆಯಿಂದ ಎದ್ದು ಬಂದರು. ನನ್ನ ಹತ್ತಿರ ನಿಂತು, "ಏನಯ್ಯಾ ಮಾಡಿದೆ?" ಎಂದು ಪಿಸುಗುಟ್ಟಿದರು. ಬೈದಿದ್ದರೆ ವಾಸಿಯಾಗಿತ್ತು.

ಅಧ್ಯಕ್ಷರು ಎದ್ದು ಕೋಟು ಕೊಡವಿಕೊಂಡರು. "ನಿಮ್ಮ ಪ್ರಶ್ನೆ ದೊಡ್ಡದು ಡಾಕ್ಟರ್, ಅದರಲ್ಲಿ ಅನುಮಾನ ಇಲ್ಲ. ಆದರೆ ಈ ರೀತಿ..." ಎಂದು ಎತ್ತುಗಳ ಕಡೆ ಕೈ ತೋರಿಸಿದರು. "ಮೊದಲ ಸಾಲಿನಲ್ಲಿ ಸೇರಿಸುವುದು ಕಷ್ಟ. ಮುಂದೆ ನೋಡೋಣ." ಸರ್ಕಾರಿ ಮಾತಿನಲ್ಲಿ ಮುಂದೆ ನೋಡೋಣ ಎಂದರೆ ಏನು ಎಂದು ಕೆಲಸಕ್ಕೆ ಸೇರಿದ ವಾರದೊಳಗೆ ನಿಮಗೂ ಗೊತ್ತಾಗುತ್ತದೆ. ಮೊದಲ ಸ್ಥಾನ ಬಂಡೆಗಳ ವಯಸ್ಸು ಅಳೆಯುವ ಪ್ರಯೋಗಾಲಯಕ್ಕೆ ಹೋಯಿತು. ಅದೂ ಒಳ್ಳೆಯ ಕೆಲಸವೇ, ನಾನು ಹೊಟ್ಟೆಕಿಚ್ಚು ಪಡುವುದಿಲ್ಲ. ಅಲ್ಲಿ ಫ್ಯಾನಿನ ಕೆಳಗೆ ಕೂತು ಕೆಲಸ ಮಾಡಬಹುದಿತ್ತು.

ಕಾರುಗಳು ಹೋದವು. ರಸ್ತೆಯ ಧೂಳು ಇಳಿಯುವವರೆಗೂ ಡಾಕ್ಟರು ಅದನ್ನೇ ನೋಡುತ್ತ ನಿಂತಿದ್ದರು. ನಾನು ಏನು ಮಾಡುವುದು ತಿಳಿಯದೆ ಯಂತ್ರ ನಿಲ್ಲಿಸಿ, ಮೇಜಿನ ಮೇಲಿನ ಲೋಟಗಳನ್ನು ಒಂದರೊಳಗೊಂದು ಇಡತೊಡಗಿದೆ. ಅವರು ಬಂದು ಒಂದು ಕುರ್ಚಿಯಲ್ಲಿ ಕೂತರು.

"ಇನ್ನು ಈ ಪ್ರಶ್ನೆ ನನ್ನ ಕಾಲಕ್ಕೆ ಮುಗೀತು" ಎಂದರು. ಒಂದು ಲೋಟ ನನ್ನ ಕಡೆ ಸರಿಸಿ, "ನಾಳೆಯಿಂದ ನೀನು ನನ್ನ ಜೊತೆ ಬರಬೇಡ" ಎಂದರು.

"ಆಗಲಿ ಸಾರ್" ಎಂದೆ. ಅಳು ಬಂತು. ಅವರೇ ನನಗೆ ಕೆಲಸ ಕಲಿಸಿದವರು. ಅವರಿಗೆ ಬೇಕಾಗಿದ್ದ ಒಂದೇ ಒಂದು ಗೆರೆಯನ್ನು ನಾನು ಕಿತ್ತುಕೊಂಡಿದ್ದೆ. ಎಲ್ಲಪ್ಪ ಹೇಳಿದ ಕೆಂಡ ನಿಜವೋ ಸುಳ್ಳೋ ಯಾರಿಗೆ ಗೊತ್ತು? ಬತ್ತಿ ನಿಜವಾಗಿಯೂ ಆರಿದ್ದರೆ? ಕಾಲು ಗಂಟೆಯ ಕೆಲಸ, ನನ್ನ ಪುಕ್ಕಲುತನಕ್ಕೆ ಹಾಳಾಯಿತು ಎಂದು ನಾನೇ ನನ್ನನ್ನು ಬೈದುಕೊಳ್ಳುತ್ತಿದ್ದೆ.

ಆಗ ಬಾವಿ ಸಿಡಿಯಿತು.

ಅಂಥ ಸದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ಉಳಿದ ನಾಲ್ಕು ಮದ್ದು ಬಂಡೆಯನ್ನು ಸಡಿಲ ಮಾಡಿದ್ದವು. ಇದೊಂದು ಹಾರಿದಾಗ ಸಡಿಲವಾದ ಕಲ್ಲನ್ನೆಲ್ಲ ಆಕಾಶಕ್ಕೆ ಎಸೆಯಿತು. ಕಾಲ ಕೆಳಗೆ ನೆಲ ಒಂದು ಸಲ ಕುಲುಕಿತು. ಮೇಜಿನ ಮೇಲಿನ ಲೋಟಗಳು ಉರುಳಿದವು. ಬಾವಿಯ ಅಂಚಿನಲ್ಲಿ ಬಿದ್ದಿದ್ದ ಹಲಗೆ ಚೂರು ಚೂರಾಗಿ ಹೊಲದಲ್ಲಿ ಬಂದು ಬಿತ್ತು. ಹೊಂಗೆ ಮರದ ಎಲೆಗಳ ಮೇಲೆ ಸಣ್ಣ ಕಲ್ಲು ಪಟಪಟ ಉದುರಿದ್ದು ನಿಂತ ಮೇಲೆ ದೂರದಲ್ಲಿ ಪಿಳ್ಳಪ್ಪನ ಎತ್ತು ಕೂಗುವುದು ಕೇಳಿಸಿತು.

ಡಾಕ್ಟರು ಕುರ್ಚಿಯಿಂದ ಎದ್ದು ನಿಂತಿದ್ದರು. 

"ಯಂತ್ರ ಚಾಲೂ ಇತ್ತೇನೋ?" ಎಂದರು.

"ಇಲ್ಲ ಸಾರ್. ನಿಲ್ಲಿಸಿಬಿಟ್ಟಿದ್ದೆ."

"ಛೇ!" ಎಂದು ತಮ್ಮ ತೊಡೆಯ ಮೇಲೆ ಗುದ್ದಿಕೊಂಡರು. ಹಾಗೆ ಗುದ್ದಿದ ಕೈ ಅಲ್ಲೇ ನಿಂತಿತು. ಪ್ಯಾಂಟಿಗೆ ಅಂಟಿದ್ದ ಹಲಗೆಯ ಮಣ್ಣು ಅವರ ಕಣ್ಣಿಗೆ ಬಿದ್ದಿರಬೇಕು. ಹಾಗೇ ನೆಲಕ್ಕೆ ಕೂತರು. ನಾನು ನೀರು ತಂದೆ. ನಾನೇ ಲೋಟ ಹಿಡಿದು ಕುಡಿಸಿದೆ. ನೀರಿನ ಅರ್ಧ ಅಂಗಿಯ ಮೇಲೆ ಹೋಯಿತು.

"ಮನೇಲಿ ಹೇಳಬೇಡ ಕಣಯ್ಯಾ" ಎಂದರು. "ಅವಳು ಹೆದರ್ತಾಳೆ."

ಹೇಳಲಿಲ್ಲ. ಮಾರನೆಯ ಬೆಳಿಗ್ಗೆ ಚಿಕ್ಕಬಳ್ಳಾಪುರದ ನನ್ನ ಮನೆಯ ಮುಂದೆ ಎಂದಿನಂತೆ ಅವರ ಜೀಪು ನಿಂತು ಹಾರ್ನ್ ಮಾಡಿತು, ಎಂದಿನಂತೆ ಹತ್ತಿ ಕೂತೆ. ಬೇಡ ಎಂದ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಬಂಡೆಯ ದಪ್ಪವನ್ನು ಮುಂದೆ ಬೇರೆಯವರು, ಬೇರೆ ಯಂತ್ರಗಳಿಂದ ಅಳೆದರು. ಅಷ್ಟು ಹೊತ್ತಿಗೆ ಡಾಕ್ಟರಿಗೆ ವಯಸ್ಸಾಗಿತ್ತು. ಆ ಲೆಕ್ಕ ನೋಡಿ ತುಂಬ ಸಂತೋಷಪಟ್ಟರು.

ಮಕ್ಕಳೇ, ನಿಮ್ಮಲ್ಲಿ ಯಾರಾದರೂ ಮುಂದೆ ಅಂಥ ಸಮಿತಿಯಲ್ಲಿ ಕೂರಬಹುದು. ಇನ್ಯಾರಾದರೂ ಅದರ ಮುಂದೆ ಕೈಕಟ್ಟಿ ನಿಲ್ಲಬಹುದು. ಪ್ರಶ್ನೆ ದೊಡ್ಡದಾದಷ್ಟೂ ಅದು ಮನುಷ್ಯನನ್ನು ಹೇಗೆ ಹಿಡಿಯುತ್ತದೆ ಎಂದು ನಿಮಗೆ ಈಗ ಹೇಳಿದರೆ ಅರ್ಥವಾಗಲಿಕ್ಕಿಲ್ಲ. ಬಾವಿಯ ಹೆದರಿಕೆ ನನಗೆ ಕಾಲಕ್ರಮೇಣ ಹೋಯಿತು. ಹೋಗದೆ ಉಳಿದದ್ದು ಇದು. ಅವತ್ತು ಮದ್ದು ಹಾರಿದ ಕ್ಷಣ, ಡಾಕ್ಟರು ಬಾಯಿ ತೆರೆಯುವ ಮೊದಲೇ, ಎಲ್ಲಪ್ಪ ತೋಟದಲ್ಲಿದ್ದಾನೋ ಬಾವಿಯ ಹತ್ತಿರ ಬಂದಿದ್ದಾನೋ ಎಂದು ತಿರುಗಿ ನೋಡುವ ಮೊದಲೇ, ಗೆರೆ ಬಂತೇ ಎಂದು ನಾನು ಯಂತ್ರದ ಕಡೆ ನೋಡಿದ್ದೆ.